ಉದ್ದೇಶಕ್ಕೆಂದು ಬಿಟ್ಟ ಸಾಲು

ವಿಜ್ಞಾನದ ರೆಕಾರ್ಡ್ ಪುಸ್ತಕ ಬರೆದವರಿಗೆ ಅದರ ಕ್ರಮ ಮರೆಯುವುದಿಲ್ಲ. ಮೊದಲು ಉದ್ದೇಶ. ಅದರ ಕೆಳಗೆ ಬೇಕಾಗುವ ಸಾಮಗ್ರಿಗಳು, ವಿಧಾನ, ವೀಕ್ಷಣೆ, ಕಟ್ಟಕಡೆಗೆ ತೀರ್ಮಾನ. ಮೂವತ್ತು ವರ್ಷಗಳಿಂದ ಮಕ್ಕಳ ಕೈಯಲ್ಲಿ ಇದೇ ಕ್ರಮದಲ್ಲಿ ಬರೆಸುತ್ತ ಬಂದಿದ್ದೇನೆ. ಉದ್ದೇಶದ ಸಾಲನ್ನು ಖಾಲಿ ಬಿಟ್ಟು ತಂದವರ ಪುಸ್ತಕಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ‘ಉದ್ದೇಶವೇ ಗೊತ್ತಿಲ್ಲದೆ ಅದೇನು ಪ್ರಯೋಗ ಮಾಡಿದೆಯೋ ಮಹರಾಯ?’ ಎಂದು ಗದರಿಸಿದ್ದೂ ಉಂಟು. ಅದೇ ಪ್ರಶ್ನೆ ಒಂದು ರಾತ್ರಿ ತಿರುಗಿ ನನ್ನ ಕೈಗೇ ಬಂತು, ನೋಟ್ ಪುಸ್ತಕದಿಂದ ಹರಿದ ಒಂದು ಚೀಟಿಯಾಗಿ. ಆಗ ನನಗೆ 54 ವರ್ಷ. ಉತ್ತರ ಗೊತ್ತಿರಲಿಲ್ಲ.

ನಾನು ಬಿ.ಎಸ್ಸಿ., ಬಿ.ಎಡ್. ಮೇಷ್ಟ್ರು. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಲ್ಲಿ ಸಂಸಾರ ಹೂಡಿ ಇಪ್ಪತ್ತು ವರ್ಷಗಳ ಮೇಲಾಯಿತು. ಎಸ್. ಎಂ. ಕೃಷ್ಣ ಅವರ ಹುಟ್ಟೂರು ಎಂದರೆ ಹೊರಗಿನವರಿಗೆ ಬೇಗ ಗುರುತು ಸಿಗುತ್ತದೆ. ಸುತ್ತ ಕಬ್ಬು, ಭತ್ತ, ನಾಲೆಯ ನೀರು. ನಮ್ಮದು ಕಥೋಲಿಕ ಮನೆತನ, ಹಿರಿಯರು ಶ್ರೀರಂಗಪಟ್ಟಣದ ಕಡೆಯವರು. ನಮ್ಮ ಬೀದಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಭಾನುವಾರದ ಪೂಜೆಗೆ ಬಸ್ಸು ಹತ್ತಬೇಕು. ಹಬ್ಬ ಬಂದರೆ ನೆರೆಮನೆಯಿಂದ ಒಬ್ಬಟ್ಟು ಬರುತ್ತದೆ, ಕ್ರಿಸ್‌ಮಸ್ಸಿಗೆ ನಮ್ಮ ಮನೆಯಿಂದ ಕಜ್ಜಾಯ ಹೋಗುತ್ತದೆ. ಇಷ್ಟು ನನ್ನ ಪರಿಚಯ.

ಈಗ ಹೇಳಲೇಬೇಕಾದ ಒಂದು ಸಂಗತಿಗೆ ಬರುತ್ತೇನೆ. ಹೇಳಿಕೊಳ್ಳಲು ಹೆಮ್ಮೆಯ ಸಂಗತಿಯೇನಲ್ಲ.

2020ರ ಮಾರ್ಚ್ ತಿಂಗಳಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ಆ ಹುಡುಗ ಎಂಟನೇ ತರಗತಿಯಲ್ಲಿದ್ದ. ಮನೆಯಲ್ಲಿ ಸ್ಮಾರ್ಟ್ ಫೋನಿರಲಿಲ್ಲ. ಅಪ್ಪನಿಗೆ ಮೈ ಸರಿಯಿಲ್ಲದೆ ಹುಡುಗ ಆಲೆಮನೆಗೆ ಕೂಲಿಗೆ ಸೇರಿಕೊಂಡ. ಶಾಲೆ ಮತ್ತೆ ಸರಿಯಾಗಿ ಶುರುವಾದಾಗ ಅವನು ಹತ್ತನೇ ತರಗತಿಗೆ ಬಂದಿದ್ದ, ಆದರೆ ಎಂಟನೆಯದರ ಪಾಠವೂ ತಲೆಯಲ್ಲಿ ಉಳಿದಿರಲಿಲ್ಲ. 2022ರ ಜನವರಿಯಲ್ಲಿ ಒಂದು ದಿನ ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು ಎಂಬ ಪಾಠದ ಪುನರಾವರ್ತನೆ ನಡೆದಿತ್ತು. ತಟಸ್ಥೀಕರಣದ ಒಂದು ಸಮೀಕರಣ ಬರೆಯಲು ಅವನನ್ನು ಬೋರ್ಡಿನ ಹತ್ತಿರ ಕರೆದೆ. ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತ. ಪಾಠ ಮುಗಿಸುವ ಆತುರ, ಪರೀಕ್ಷೆಯ ಫಲಿತಾಂಶದ ಚಿಂತೆ, ಎಲ್ಲ ಸೇರಿ ನನ್ನ ಬಾಯಿಂದ ಒಂದು ಮಾತು ಬಂತು: ‘ಎರಡು ವರ್ಷ ಆಲೆಮನೆಯಲ್ಲಿ ಏನು ಕಲಿತೆಯೋ? ಗಾಣಕ್ಕೆ ಕಬ್ಬು ತುರುಕೋದಕ್ಕೇ ಲಾಯಕ್ಕು ನೀನು.’ ತರಗತಿ ಗೊಳ್ಳೆಂದು ನಕ್ಕಿತು. ಅವನು ಸೀಮೆಸುಣ್ಣವನ್ನು ನನ್ನ ಮೇಜಿನ ಮೇಲೆ ಮೆಲ್ಲಗೆ ಇಟ್ಟು ಹೋಗಿ ಕುಳಿತ.

ಆಮೇಲೂ ಅವನು ಶಾಲೆಗೆ ಬರುತ್ತಿದ್ದ. ನನ್ನ ಮುಖ ಮಾತ್ರ ನೋಡುತ್ತಿರಲಿಲ್ಲ. ಮಾರ್ಚ್ ಕೊನೆಯಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದ. ವಿಜ್ಞಾನ, ಗಣಿತ ಎರಡರಲ್ಲೂ ಹೋಯಿತು. ಪೂರಕ ಪರೀಕ್ಷೆಗೆ ಅರ್ಜಿ ಹಾಕಲು ಬರಲೇ ಇಲ್ಲ. ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಒಂದು ಗೆರೆ ಎಳೆದು ನಾನೂ ಸುಮ್ಮನಾದೆ. ಮೇಷ್ಟ್ರ ಬಾಯಿಂದ ದಿನಕ್ಕೆ ಹತ್ತು ಮಾತು ಬರುತ್ತದೆ, ಎಲ್ಲವನ್ನೂ ಲೆಕ್ಕ ಇಡುವವರು ಯಾರು ಎಂದು ಸಮಾಧಾನ ಮಾಡಿಕೊಂಡೆ. ನಿಜ ಹೇಳಬೇಕೆಂದರೆ ಆ ವರ್ಷ ನನಗೆ ಕೆಲಸದಲ್ಲೇ ಮನಸ್ಸಿರಲಿಲ್ಲ. ನಿವೃತ್ತಿಗೆ ಇನ್ನು ಆರು ವರ್ಷ ಎಂದು ಕ್ಯಾಲೆಂಡರ್ ನೋಡಿ ಎಣಿಸುವ ಚಟ ಹಿಡಿದಿತ್ತು. ಮನೆಯಲ್ಲೂ ಅಷ್ಟೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಫೋನು ಮಾಡಿದರೆ ಅಮ್ಮನ ಜೊತೆ ಅರ್ಧ ಗಂಟೆ ಮಾತು, ನನ್ನ ಪಾಲಿಗೆ ‘ಅಪ್ಪ ಹೇಗಿದ್ದಾರೆ’ ಎಂಬ ಒಂದು ವಿಚಾರಣೆ.

ಹೀಗಿರುವಾಗ ಸೆಪ್ಟೆಂಬರಿನಲ್ಲಿ ನಮ್ಮ ಧರ್ಮಕೇಂದ್ರದ ಗುರುಗಳು ಕರೆದರು. ದಸರೆ ರಜೆಯಲ್ಲಿ ಹೈಸ್ಕೂಲು ಮತ್ತು ಪಿಯುಸಿ ಮಕ್ಕಳಿಗೆ ಮೂರು ದಿನದ ಧ್ಯಾನಕೂಟ. ನಡೆಸಿಕೊಡಬೇಕಾಗಿದ್ದ ಗುರುಗಳಿಗೆ ಆರೋಗ್ಯ ಕೆಟ್ಟಿತ್ತು.

‘ಪೂಜೆ, ಪಾಪನಿವೇದನೆ ನಾನು ನೋಡಿಕೊಳ್ಳುತ್ತೇನೆ ಮೇಷ್ಟ್ರೇ. ಮಕ್ಕಳನ್ನು ನೀವು ನೋಡಿಕೊಳ್ಳಿ,’ ಎಂದರು.

‘ಫಾದರ್, ನಾನು ದೇವಶಾಸ್ತ್ರ ಓದಿದವನಲ್ಲ. ನನಗೆ ಗೊತ್ತಿರುವುದು ಓಮನ ನಿಯಮ, ನ್ಯೂಟನ್ನನ ನಿಯಮ.’

‘ಮಕ್ಕಳು ಗೊತ್ತಲ್ಲ, ಸಾಕು.’

ಮಕ್ಕಳು ಗೊತ್ತು ಎಂದು ನಾನೂ ನಂಬಿದ್ದೆ. ಒಪ್ಪಿಕೊಂಡೆ.

ಧ್ಯಾನಕೂಟ ಎಂದರೇನು ಎಂದು ಕೆಲವು ಓದುಗರು ಕೇಳಬಹುದು. ದಿನನಿತ್ಯದ ಗದ್ದಲದಿಂದ ಒಂದಷ್ಟು ದಿನ ದೂರ ಸರಿದು, ಪ್ರಾರ್ಥನೆ, ಮೌನ, ಹಿತವಚನಗಳಲ್ಲಿ ಕಳೆದು, ತನ್ನ ಬದುಕನ್ನು ತಾನೇ ನೋಡಿಕೊಳ್ಳುವುದು. ಇಂಥದ್ದು ಎಲ್ಲ ಧರ್ಮಗಳಲ್ಲೂ ಒಂದಲ್ಲ ಒಂದು ರೂಪದಲ್ಲಿ ಇದೆ. ಕಥೋಲಿಕರಲ್ಲಿ ಇದಕ್ಕೆ ಒಂದು ಕ್ರಮ ಹಾಕಿಕೊಟ್ಟವರಲ್ಲಿ ಮುಖ್ಯರು ಸಂತ ಇಗ್ನೇಷಿಯಸ್ ಲೊಯೋಲಾ. ಅವರು ಮೊದಲು ಸ್ಪೇನಿನ ಒಬ್ಬ ಯೋಧ. 1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿಯ ಗುಂಡು ತಗುಲಿ ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ. ಓದಲು ಕೇಳಿದ್ದು ವೀರರ ಕಥೆ, ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತನ ಚರಿತ್ರೆ, ಸಂತರ ಚರಿತ್ರೆ. ಆಗ ಅವರು ಒಂದು ಸಣ್ಣ ವಿಷಯವನ್ನು ಗಮನಿಸಿದರು. ಯುದ್ಧ, ಕೀರ್ತಿಯ ಕನಸು ಕಾಣುವಾಗ ಸಂತೋಷವಾಗುತ್ತದೆ, ಆದರೆ ಕನಸು ಮುಗಿದ ಮೇಲೆ ಮನಸ್ಸು ಬರಡು. ಸಂತರಂತೆ ಬಾಳುವ ಯೋಚನೆ ಬಂದಾಗ ಆಗುವ ಸಂತೋಷ ಯೋಚನೆ ಮುಗಿದ ಮೇಲೂ ಉಳಿಯುತ್ತದೆ. ಈ ವ್ಯತ್ಯಾಸವೇ ಅವರ ದಾರಿಯ ಮೊದಲ ಗುರುತಾಯಿತು. ಮರುವರ್ಷ ಮನ್ರೇಸಾ ಎಂಬಲ್ಲಿ ಇದ್ದು ಬರೆಯಲು ತೊಡಗಿದ ಟಿಪ್ಪಣಿಗಳೇ ಮುಂದೆ ಅವರ ಧ್ಯಾನಸಾಧನೆಯ ಕೈಪಿಡಿಯಾಯಿತು. ಅದಕ್ಕೆ 1548ರಲ್ಲಿ ಜಗದ್ಗುರುಗಳ ಒಪ್ಪಿಗೆ ಸಿಕ್ಕಿತು. ಇದನ್ನು ಓದಿದಾಗ ನನಗೆ ಅನಿಸಿದ್ದು ಇಷ್ಟು: ಈ ಮಹಾನುಭಾವರು ಉದ್ದೇಶ ಬರೆದುಕೊಂಡು ಹೊರಟವರಲ್ಲ, ವೀಕ್ಷಣೆಯಿಂದ ಶುರು ಮಾಡಿದವರು.

ಗುರುಗಳು ಇನ್ನೊಂದು ತೆಳ್ಳನೆಯ ಪುಸ್ತಕವನ್ನೂ ಕೊಟ್ಟಿದ್ದರು. ಬೆಲ್ಜಿಯಂ ದೇಶದ ಜೋಸೆಫ್ ಕಾರ್ಡಿನ್ ಎಂಬ ಗುರುಗಳ ವಿಷಯ. ಹುಟ್ಟಿದ್ದು 1882ರಲ್ಲಿ, ಕೂಲಿಕಾರರ ಮನೆಯಲ್ಲಿ. ಅವರು ಗುರುಮಠಕ್ಕೆ ಓದಲು ಹೋದರು. ಜೊತೆಗೆ ಓದಿದ ಹುಡುಗರು ಕಾರ್ಖಾನೆಗೆ ಸೇರಿದರು. ರಜೆಗೆ ಊರಿಗೆ ಬಂದಾಗ ಆ ಹಳೆಯ ಗೆಳೆಯರು ಇವರನ್ನು ಪರಕೀಯನಂತೆ ನೋಡಿ ದೂರ ಸರಿದರಂತೆ. ಆ ನೋವನ್ನು ಅವರು ಮರೆಯಲಿಲ್ಲ. ಮುಂದೆ ದುಡಿಯುವ ಹುಡುಗ ಹುಡುಗಿಯರಿಗಾಗಿಯೇ ಒಂದು ಚಳವಳಿ ಕಟ್ಟಿ, ಮೂರು ಹೆಜ್ಜೆಯ ಒಂದು ಪದ್ಧತಿ ಕಲಿಸಿದರು: ನೋಡು, ತೀರ್ಮಾನಿಸು, ಮಾಡು. ಇಂದು ಕಥೋಲಿಕ ವಿದ್ಯಾರ್ಥಿ ಸಂಘಗಳಲ್ಲೂ ಇದೇ ಪದ್ಧತಿ ಬಳಕೆಯಲ್ಲಿದೆ. ಇದನ್ನು ಓದುವಾಗ, ಕಾರ್ಖಾನೆ ಸೇರಿದ ಆ ಹುಡುಗರ ಜಾಗದಲ್ಲಿ ನನಗೆ ಆಲೆಮನೆಯ ಹುಡುಗ ಕಾಣಿಸಿದ. ಪುಸ್ತಕ ಮಡಚಿಟ್ಟು ಮಲಗಿದೆ. ನಿದ್ದೆ ತಡವಾಗಿ ಬಂತು.

ಅಕ್ಟೋಬರ್ ಎರಡನೇ ವಾರ ಶ್ರೀರಂಗಪಟ್ಟಣದ ಹತ್ತಿರ ಒಂದು ಚರ್ಚಿನ ಆವರಣದಲ್ಲಿ 42 ಮಕ್ಕಳು ಸೇರಿದರು. ನಾನು, ಗುರುಗಳು, ಇಬ್ಬರು ಸಿಸ್ಟರುಗಳು, ಅಡುಗೆಯ ಅಮ್ಮ. ಮೊದಲ ಕೆಲಸವಾಗಿ ಎಲ್ಲರ ಮೊಬೈಲುಗಳನ್ನು ಒಂದು ಬಿದಿರಿನ ಬುಟ್ಟಿಗೆ ಹಾಕಿಸಿದೆವು. ಹೆತ್ತವರನ್ನು ಬಿಟ್ಟು ಬರುವಾಗ ಅಳದ ಮಕ್ಕಳು ಬುಟ್ಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುವಾಗ ಕಣ್ಣು ತುಂಬಿಕೊಂಡರು!

ಮೊದಲ ದಿನದ ನನ್ನ ಸಾಧನೆ ಹೇಳುವಂತಿಲ್ಲ. ‘ಜೀವನದಲ್ಲಿ ಗುರಿ’ ಎಂಬ ವಿಷಯದ ಮೇಲೆ ಮುಕ್ಕಾಲು ಗಂಟೆ ಮಾತಾಡಿದೆ. ಬಾಣ, ಬಿಲ್ಲು, ಅರ್ಜುನ, ಹಕ್ಕಿಯ ಕಣ್ಣು ಎಲ್ಲ ಬಂದು ಹೋದವು. ಹಿಂದಿನ ಸಾಲಿನಲ್ಲಿ ಐದಾರು ಮಂದಿ ನಿದ್ದೆ ಹೋಗಿದ್ದರು, ಮುಂದಿನ ಸಾಲಿನವರು ಕಣ್ಣು ತೆರೆದೇ ನಿದ್ದೆ ಮಾಡುತ್ತಿದ್ದರು. ಊಟಕ್ಕೆ ಕುಳಿತಾಗ ಹಿರಿಯ ಸಿಸ್ಟರ್ ಸಾರು ಬಡಿಸುತ್ತ ಮೆಲುದನಿಯಲ್ಲಿ ಹೇಳಿದರು: ‘ಮೇಷ್ಟ್ರೇ, ಪಾಠ ಅವರಿಗೆ ವರ್ಷಪೂರ್ತಿ ಇದ್ದೇ ಇದೆ. ಇಲ್ಲಾದರೂ ಅವರು ಮಾತಾಡಲಿ, ನಾವು ಕೇಳೋಣ.’

ಮುಖಕ್ಕೆ ಹೊಡೆದಂತಾಯಿತು, ಆದರೆ ಮಾತು ಸರಿಯಾಗಿತ್ತು. ಮಧ್ಯಾಹ್ನ ಕಾರ್ಯಕ್ರಮ ಬದಲಾಯಿಸಿದೆವು. ಒಂದು ಗಂಟೆ ಮೌನ. ಮರದ ಕೆಳಗೆ, ಜಗಲಿಯ ಮೇಲೆ, ಚರ್ಚಿನ ಒಳಗೆ, ಎಲ್ಲಿ ಬೇಕಾದರೂ ಒಬ್ಬೊಬ್ಬರೇ ಕುಳಿತುಕೊಳ್ಳಬಹುದು. ಏನೂ ಮಾಡಬೇಕಾಗಿಲ್ಲ, ಮನಸ್ಸಿಗೆ ಏನು ಬರುತ್ತದೋ ನೋಡಿಕೊಳ್ಳುವುದು. ಮೊದಲ ಹತ್ತು ನಿಮಿಷ ಎಲ್ಲರಿಗೂ ಇರುವೆ ಕಚ್ಚಿದಂತೆ ಆಗಿತ್ತು, ನನಗೂ. ಹಾಗೆಯೇ ನಿಧಾನವಾಗಿ ಅಂಗಳ ತಣ್ಣಗಾಯಿತು. ಒಂದು ಡಬ್ಬಿಗೆ ಸೀಳು ಕೊರೆದು ಬಾಗಿಲ ಬಳಿ ಇಟ್ಟೆವು. ಹೆಸರು ಬರೆಯದೆ ಪ್ರಶ್ನೆ ಹಾಕಬಹುದು ಎಂದೆವು.

ರಾತ್ರಿ ಮಲಗುವ ಮುನ್ನ ಆತ್ಮಶೋಧನೆ. ಇದೂ ಇಗ್ನೇಷಿಯಸ್ಸರು ಕಲಿಸಿದ್ದೇ. ದಿನದಲ್ಲಿ ಸಿಕ್ಕ ಒಳ್ಳೆಯದಕ್ಕೆ ಕೃತಜ್ಞತೆ, ಬೆಳಕಿಗಾಗಿ ಪ್ರಾರ್ಥನೆ, ಬೆಳಗಿನಿಂದ ನಡೆದದ್ದರ ಮೇಲೆ ಒಂದು ನೋಟ, ತಪ್ಪಿದ್ದಕ್ಕೆ ಕ್ಷಮೆ, ನಾಳೆಗೆ ಒಂದು ನಿರ್ಧಾರ. ಮಕ್ಕಳಿಗೆ ಅರ್ಥವಾಗಲಿ ಎಂದು ನಾನು ಹೇಳಿದೆ: ‘ಇದೂ ಒಂದು ರೆಕಾರ್ಡ್ ಪುಸ್ತಕ ಅಂದುಕೊಳ್ಳಿ. ವೀಕ್ಷಣೆಯಲ್ಲಿ ಸುಳ್ಳು ಬರೆಯಬಾರದು. ಉತ್ತರ ಬರಬೇಕು ಅಂತ ರೀಡಿಂಗ್ ತಿದ್ದಬಾರದು.’ ಮಕ್ಕಳು ನಕ್ಕರು. ರೀಡಿಂಗ್ ತಿದ್ದದ ವಿದ್ಯಾರ್ಥಿ ಯಾರಿದ್ದಾರೆ ಹೇಳಿ!

ಎರಡನೆಯ ದಿನ ಎಲ್ಲರನ್ನೂ ಗಂಜಾಂಗೆ ನಡೆಸಿಕೊಂಡು ಹೋದೆವು. ಗುಂಬಜ್, ನಿಮಿಷಾಂಬ ದೇವಸ್ಥಾನ, ಹಳೆಯ ಚರ್ಚು ಮೂರೂ ಒಂದಕ್ಕೊಂದು ಹತ್ತಿರದಲ್ಲೇ ಇರುವ ಊರು ಅದು. ಆ ಚರ್ಚನ್ನು ಜನ ಇಂದಿಗೂ ಅಬ್ಬೆ ದುಬಾ ಅವರ ಹೆಸರಿನಿಂದಲೇ ಗುರುತಿಸುತ್ತಾರೆ. ದುಬಾ ಫ್ರಾನ್ಸಿನಿಂದ 1792ರಲ್ಲಿ ಭಾರತಕ್ಕೆ ಬಂದ ಕಥೋಲಿಕ ಗುರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ಇಲ್ಲಿನ ಕ್ರೈಸ್ತರನ್ನು ಕೂಡಿಸಲು ಈ ಕಡೆಗೆ ಬಂದರು. ಇಲ್ಲಿನ ಜನರಂತೆಯೇ ಉಟ್ಟು, ಉಂಡು, ಕನ್ನಡ ನಾಡಿನಲ್ಲಿ ವರ್ಷಗಟ್ಟಲೆ ಬಾಳಿದರು.

ಚರ್ಚಿನ ಮುಂದಿನ ನೆರಳಿನಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಕೇಳಿದೆ: ‘ಈ ವರ್ಷ ಎಷ್ಟು ಜನ ಕೊರೊನಾ ಲಸಿಕೆ ಹಾಕಿಸಿಕೊಂಡಿರಿ?’ ಎಲ್ಲರೂ ಕೈ ಎತ್ತಿದರು. 15 ವರ್ಷ ದಾಟಿದವರಿಗೆ 2022ರ ಜನವರಿಯಲ್ಲಿ, ಅದಕ್ಕೂ ಚಿಕ್ಕವರಿಗೆ ಮಾರ್ಚ್ ತಿಂಗಳಲ್ಲಿ ಲಸಿಕೆ ಶುರುವಾಗಿತ್ತಲ್ಲ. ಆಗ ದುಬಾ ಅವರ ಕಥೆ ಹೇಳಿದೆ. ಸಿಡುಬು ಊರೂರನ್ನೇ ನುಂಗುತ್ತಿದ್ದ ಕಾಲ. ಇಂಗ್ಲೆಂಡಿನ ಜೆನ್ನರ್ 1796ರಲ್ಲಿ ಗೋವಿನ ಸಿಡುಬಿನಿಂದ ಲಸಿಕೆ ಕಂಡುಹಿಡಿದ. 1802ರಲ್ಲಿ ಅದು ಮುಂಬಯಿ ತಲುಪಿತು. ಮೈಸೂರು ಸೀಮೆಯಲ್ಲಿ ಅದನ್ನು ಸಾವಿರಾರು ಜನರಿಗೆ ಹಾಕಿಸಲು 1803–04ರಲ್ಲಿ ಊರೂರು ತಿರುಗಿದವರಲ್ಲಿ ಈ ಪಾದ್ರಿಗಳೇ ಪ್ರಮುಖರು. ಆಗ ಶೀತಪೆಟ್ಟಿಗೆ ಇಲ್ಲ, ಸಿರಿಂಜು ಇಲ್ಲ. ಒಬ್ಬರ ತೋಳಿನ ಗುಳ್ಳೆಯಿಂದ ಇನ್ನೊಬ್ಬರ ತೋಳಿಗೆ ಲಸಿಕೆಯನ್ನು ದಾಟಿಸಬೇಕಾಗಿತ್ತು. ನಂಬಿಕೆ ಇಲ್ಲದೆ ಯಾರು ತೋಳು ಚಾಚುತ್ತಾರೆ? ಅಂಥ ಕೆಲಸ ಎಲ್ಲ ದೇಶಗಳಲ್ಲೂ ನಡೆದು, ಕೊನೆಗೆ ಸಿಡುಬು ಭೂಮಿಯ ಮೇಲಿಂದಲೇ ಇಲ್ಲವಾಯಿತೆಂದು 1980ರಲ್ಲಿ ಘೋಷಣೆಯಾಯಿತು.

ಪಿಯುಸಿ ಓದುವ ಒಬ್ಬ ಹುಡುಗಿ ಕೇಳಿದಳು: ‘ಅವರು ಬಂದಿದ್ದು ಲಸಿಕೆ ಹಾಕೋಕೇನಾ ಸಾರ್?’

ಒಳ್ಳೆಯ ಪ್ರಶ್ನೆ. ಅಲ್ಲ, ಅವರು ಬಂದಿದ್ದು ಧರ್ಮಪ್ರಚಾರಕ್ಕೆ. ಆ ಕೆಲಸದಲ್ಲಿ ಸೋತೆ ಎಂದು ಅವರೇ ಒಪ್ಪಿಕೊಂಡರು. ಈ ದೇಶದ ಜನರನ್ನು ಮತಾಂತರಿಸುವುದು ಆಗದ ಮಾತು ಎಂದು ವಾದಿಸಿದ ಅವರ ಪತ್ರಗಳು 1823ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಅದೇ ವರ್ಷ ಅವರು ಭಾರತ ಬಿಟ್ಟು ಹೋದರು. ಹಡಗು ಹತ್ತುವಾಗ ಉದ್ದೇಶದ ಸಾಲಿನಲ್ಲಿ ಬರೆದುಕೊಂಡದ್ದು ಒಂದು. ಈ ಮಣ್ಣಿನಲ್ಲಿ ಅವರ ಕೈಯಿಂದ ಆದದ್ದು ಇನ್ನೊಂದು. ಕಣ್ಣ ಮುಂದೆ ಸಾಯುತ್ತಿದ್ದ ಮಕ್ಕಳನ್ನು ಕಂಡು ಅವರು ಸುಮ್ಮನೆ ಕೂರಲಿಲ್ಲ, ಅಷ್ಟೆ. ಇದನ್ನು ಹುಡುಗಿಗೆ ಹೇಳುತ್ತಿದ್ದಂತೆ ನನಗೆ ನಾನೇ ಹೇಳಿಕೊಂಡಂತೆಯೂ ಆಯಿತು.

ಅಂದು ರಾತ್ರಿ ಡಬ್ಬಿ ತೆರೆದೆವು. ಚೀಟಿಗಳನ್ನು ಒಂದೊಂದಾಗಿ ಓದಿದೆ. ‘ನಮ್ಮಪ್ಪ ನನ್ನ ಹತ್ತಿರ ಮಾರ್ಕ್ಸ್ ಬಿಟ್ಟು ಬೇರೇನೂ ಮಾತಾಡಲ್ಲ. ನಾನು ಅವರಿಗೆ ಇಷ್ಟ ಇದ್ದೀನೋ ಇಲ್ವೋ ಹೇಗೆ ಗೊತ್ತಾಗುತ್ತೆ?’ ‘ದೇವರಿದ್ದಾನಾ ಅಂತ ಒಂದೊಂದು ಸಲ ಅನುಮಾನ ಬರುತ್ತೆ. ಅದು ಪಾಪವಾ?’ ‘ಕೊರೊನಾದಲ್ಲಿ ಅಜ್ಜಿ ತೀರಿಕೊಂಡರು. ಮುಖ ನೋಡೋಕೂ ಬಿಡಲಿಲ್ಲ. ಯಾರ ಮೇಲೆ ಕೋಪ ಮಾಡಿಕೊಳ್ಳಲಿ?’ ದಿನಾ ಎದುರಿಗೆ ಕುಳಿತು ಪಾಠ ಕೇಳುವ ವಯಸ್ಸಿನ ಮಕ್ಕಳು ಇವರು. ಇಷ್ಟೆಲ್ಲವನ್ನೂ ಚೀಲದಲ್ಲಿ ಹೊತ್ತುಕೊಂಡೇ ಶಾಲೆಗೆ ಬರುತ್ತಾರೆ ಎಂದು 28 ವರ್ಷ ಪಾಠ ಮಾಡಿದವನಿಗೆ ತಿಳಿದಿರಲಿಲ್ಲ. ಅನುಮಾನ ಪಡುವುದು ಪಾಪವಲ್ಲ ಎಂದು ಗುರುಗಳು ಹೇಳಿದರು. ಅಜ್ಜಿಯ ಪ್ರಶ್ನೆಗೆ ಯಾರೂ ಉತ್ತರ ಹೇಳಲಿಲ್ಲ. ಎಲ್ಲರೂ ಎದ್ದು ನಿಂತು ಆ ಅಜ್ಜಿಗಾಗಿ ಪ್ರಾರ್ಥಿಸಿದೆವು.

ಕೊನೆಯ ಚೀಟಿ ನನಗೇ ಬರೆದದ್ದು. ‘ಸಾರ್, ನಿನ್ನೆ ಎಲ್ಲರಿಗೂ ಗುರಿ ಇರಬೇಕು ಅಂದ್ರಿ. ನಿಮ್ಮ ಜೀವನದ ಉದ್ದೇಶ ಏನು?’

ಸಿದ್ಧ ಉತ್ತರಗಳು ಬೇಕಾದಷ್ಟು ಇದ್ದವು. ಶಿಕ್ಷಕರ ದಿನಾಚರಣೆಯ ಭಾಷಣದಲ್ಲಿ ಹೇಳುವಂಥವು. ಆದರೆ ಹಿಂದಿನ ರಾತ್ರಿಯಷ್ಟೇ ರೀಡಿಂಗ್ ತಿದ್ದಬಾರದು ಎಂದು ಹೇಳಿದ್ದೆನಲ್ಲ. ‘ಗೊತ್ತಿಲ್ಲ ಮಕ್ಕಳೇ’ ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಏನನ್ನಿಸಿತೋ, ಆಲೆಮನೆಯ ಹುಡುಗನ ಕಥೆಯನ್ನು ಹೆಸರು ಹೇಳದೆ ಪೂರ್ತಿ ಹೇಳಿಬಿಟ್ಟೆ. ನಾನಾಡಿದ ಮಾತು, ತರಗತಿಯ ನಗು, ಮೇಜಿನ ಮೇಲೆ ಅವನು ಇಟ್ಟುಹೋದ ಸೀಮೆಸುಣ್ಣ, ಎಲ್ಲ.

ಹಿಂದಿನಿಂದ ಒಂಬತ್ತನೇ ತರಗತಿಯ ಒಬ್ಬ ಪೋರ ಎದ್ದು ನಿಂತ. ‘ಆಮೇಲೆ ಅವನ ಮನೆಗೆ ಹೋಗಿದ್ರಾ ಸಾರ್?’

‘ಇಲ್ಲಪ್ಪ.’

‘ದೂರಾನಾ ಸಾರ್?’

‘ಇಲ್ಲ. ನಮ್ಮ ಮನೆಯಿಂದ ಎರಡು ಕಿಲೋಮೀಟರ್.’

ಹುಡುಗ ಇನ್ನೇನೂ ಕೇಳಲಿಲ್ಲ, ಕುಳಿತುಕೊಂಡ. ಅಷ್ಟು ನಿಶ್ಶಬ್ದ ಆ ಮೂರು ದಿನಗಳಲ್ಲಿ ಮೌನದ ಹೊತ್ತಿನಲ್ಲೂ ಇರಲಿಲ್ಲ. ಆ ರಾತ್ರಿ ನಾನೂ ಮಕ್ಕಳ ಸಾಲಿನ ಕೊನೆಯಲ್ಲಿ ನಿಂತು ಪಾಪನಿವೇದನೆ ಮಾಡಿದೆ. ಗುರುಗಳು ಹೇಳಿದ್ದು ಒಂದೇ ಮಾತು: ‘ಜಪ ಆಮೇಲೆ ಮಾಡಿದರಾಯಿತು. ಮೊದಲು ಎರಡು ಕಿಲೋಮೀಟರ್ ನಡೆಯಿರಿ.’

ಮೂರನೆಯ ದಿನ ಮಧ್ಯಾಹ್ನ ಹೆತ್ತವರು ಕರೆದೊಯ್ಯಲು ಬಂದರು. ಅವರಿಗೂ ಒಂದು ಸಣ್ಣ ಕೆಲಸ ಕೊಟ್ಟೆವು. ಹತ್ತು ನಿಮಿಷ ಮಗುವಿನ ಎದುರಿಗೆ ಕುಳಿತು ಅದು ಹೇಳಿದ್ದನ್ನು ಕೇಳಬೇಕು. ನಡುವೆ ಬುದ್ಧಿ ಹೇಳಬಾರದು, ಅಂಕದ ಮಾತು ಎತ್ತಬಾರದು. ಒಬ್ಬ ತಾಯಿ ಮುಗಿಸಿ ಬಂದು ಹೇಳಿದರು: ‘ಹತ್ತು ನಿಮಿಷ ಬಾಯಿ ಮುಚ್ಕೊಂಡು ಕೂರೋದು ಗದ್ದೆ ಕಳೆ ಕೀಳೋದಕ್ಕಿಂತ ಕಷ್ಟ ಸಾ.’ ಹೇಳುವಾಗ ನಗುತ್ತಿದ್ದರು, ಸೆರಗಿನಿಂದ ಕಣ್ಣನ್ನೂ ಒರೆಸಿಕೊಳ್ಳುತ್ತಿದ್ದರು. ಒಬ್ಬ ತಂದೆ ಮಾತ್ರ ಎರಡೇ ನಿಮಿಷಕ್ಕೆ ಎದ್ದು ಗೇಟಿನ ಹತ್ತಿರ ಹೋಗಿ ನಿಂತರು. ಅವರ ಮಗಳು ಬೆಂಚಿನ ಮೇಲೆ ಹಾಗೆಯೇ ಕುಳಿತಿದ್ದಳು. ಎಲ್ಲವೂ ಮೂರು ದಿನದಲ್ಲಿ ಸರಿಹೋಗುವುದಿಲ್ಲ.

ಮರುದಿನ ಸಂಜೆ ನಾನು ನಾಲೆಯ ಏರಿ ಹಿಡಿದು ಆಲೆಮನೆಗೆ ನಡೆದೆ. ಕಬ್ಬಿನ ಸಿಪ್ಪೆಯ ಹೊಗೆ ದೂರದಿಂದಲೇ ಕಾಣುತ್ತಿತ್ತು. ಹುಡುಗ ಕೊಪ್ಪರಿಗೆಯ ಪಕ್ಕದಲ್ಲಿ ನಿಂತು ಮಡ್ಡಿ ತೆಗೆಯುತ್ತಿದ್ದ. ಒಂದು ವರ್ಷದೊಳಗೆ ಆಳಾಗಿ ಬೆಳೆದಿದ್ದ. ನನ್ನನ್ನು ಕಂಡು ಒಂದು ಗಳಿಗೆ ಕೈ ನಿಂತಿತು.

‘ಏನ್ ಸಾ, ಇತ್ಲಾಗೆ ಬಂದ್ಬುಟ್ರಿ? ವಸಿ ಆ ಕಡೆ ನಿಂತ್ಕಳಿ, ಸಿಡೀತದೆ.’

ಕೆಲಸದವರೆಲ್ಲರ ಎದುರಿಗೇ ಹೇಳಿದೆ. ತರಗತಿಯ ಎದುರಿಗೆ ಆಡಿದ ಮಾತಲ್ಲವೇ. ‘ಅವತ್ತು ನಾನು ಹಾಗನ್ನಬಾರದಿತ್ತು ಕಣಪ್ಪ. ತಪ್ಪಾಯಿತು.’

‘ಬುಡಿ ಸಾ, ಅದೆಲ್ಲ ಯಾವ ಕಾಲದ್ದೋ,’ ಎಂದು ಮತ್ತೆ ಮಡ್ಡಿ ತೆಗೆಯಲು ತೊಡಗಿದ. ಮರೆತಿರಲಿಲ್ಲ ಎಂದು ಅವನ ದನಿಯಲ್ಲೇ ಗೊತ್ತಾಯಿತು. ನಾನು ಹೊರಡಲೂ ಇಲ್ಲ, ಮಾತೂ ತೋಚಲಿಲ್ಲ. ಸುಮ್ಮನೆ ನಿಂತು ನೋಡಿದೆ. ಅವನು ಸುಣ್ಣದ ತಿಳಿಯನ್ನು ಅಳತೆಯೇ ಇಲ್ಲದೆ, ಆದರೆ ಬಹಳ ಎಚ್ಚರದಿಂದ ಕೊಪ್ಪರಿಗೆಗೆ ಸುರಿದ.

‘ಸುಣ್ಣ ಯಾಕೆ?’ ಎಂದೆ. ಈ ಸಲ ಪರೀಕ್ಷೆ ಮಾಡಲು ಕೇಳಿದ್ದಲ್ಲ.

‘ಆಲಲ್ಲಿ ವಸಿ ಉಳಿ ಇರ್ತದಲ್ಲ ಸಾ, ಅದ್ನ ಮುರಿಯಾಕೆ. ಕಮ್ಮಿಯಾದ್ರೆ ಬೆಲ್ಲ ಗಟ್ಟಿ ಆಗಕ್ಕಿಲ್ಲ. ಜಾಸ್ತಿಯಾದ್ರೆ ಕರ್ರಗಾಯ್ತದೆ.’

ನಾನು ದಂಗಾಗಿ ನಿಂತೆ. ಕಬ್ಬಿನ ಹಾಲು ಸ್ವಲ್ಪ ಆಮ್ಲೀಯ. ಅದನ್ನು ಹಾಗೆಯೇ ಕಾಯಿಸಿದರೆ ಸಕ್ಕರೆ ಒಡೆದು ಪಾಕ ಹೆಪ್ಪುಗಟ್ಟುವುದಿಲ್ಲ. ಸುಣ್ಣ ಪ್ರತ್ಯಾಮ್ಲ, ಅದು ಆಮ್ಲವನ್ನು ತಟಸ್ಥಗೊಳಿಸುತ್ತದೆ, ಕಶ್ಮಲವನ್ನೂ ಮಡ್ಡಿಯಾಗಿ ಮೇಲೆ ತರುತ್ತದೆ. ಬೋರ್ಡಿನ ಮುಂದೆ ಯಾವ ಪಾಠಕ್ಕೆ ಅವನು ತಲೆ ತಗ್ಗಿಸಿದ್ದನೋ ಅದನ್ನೇ ದಿನಕ್ಕೆ ನಾಲ್ಕು ಸಲ ಈ ಕೊಪ್ಪರಿಗೆಯಲ್ಲಿ ಮಾಡುತ್ತಿದ್ದ. ಕಡೆಗೆ ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ಹದ ನೋಡಿ ‘ಇಳಿಸ್ರೋ’ ಎಂದ. ಉಷ್ಣಮಾಪಕ ಹಿಡಿದಿದ್ದರೆ ಸುಮಾರು 118 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು. ಎರಡು ವರ್ಷ ಆಲೆಮನೆಯಲ್ಲಿ ಏನು ಕಲಿತೆ ಎಂದು ಕೇಳಿದ್ದೆನಲ್ಲ, ಇದನ್ನು ಕಲಿತಿದ್ದ. ನೋಡುವ ಕಣ್ಣು ನನಗಿರಲಿಲ್ಲ.

ಅದನ್ನು ಅವನಿಗೆ ಅಲ್ಲೇ ಬಿಡಿಸಿ ಹೇಳಿದೆ. ಸಿಪ್ಪೆಯ ರಾಶಿಯ ಪಕ್ಕದ ನೆಲದ ಮೇಲೆ ಕಡ್ಡಿಯಿಂದ ಸಮೀಕರಣ ಬರೆದೆ. ಬಗ್ಗಿ ನೋಡಿದ. ‘ಇಷ್ಟೇನಾ ಸಾ?’ ಎಂದ. ‘ಇಷ್ಟೇ ಕಣೋ’ ಎಂದೆ.

ಅದಾಗಿ ಮೂರು ವಾರ ಅವನ ಸುಳಿವಿಲ್ಲ. ನಾಲ್ಕನೆಯ ಭಾನುವಾರ ಸಂಜೆ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದ, ಹಳೆಯ ಪುಸ್ತಕವನ್ನು ಟವೆಲಿನಲ್ಲಿ ಸುತ್ತಿಕೊಂಡು. 2023ರ ಪರೀಕ್ಷೆಯಲ್ಲಿ ವಿಜ್ಞಾನ ಮುಗಿಸಿದ. ಗಣಿತ ಮತ್ತೆ ಕೈಕೊಟ್ಟಿತು. 2024ರಲ್ಲಿ ಸರ್ಕಾರ ವರ್ಷಕ್ಕೆ ಮೂರು ಪರೀಕ್ಷೆ ತಂದಾಗ ಎರಡನೆಯದರಲ್ಲಿ ಅದೂ ಪಾಸಾಯಿತು. ಅವನೇನೂ ಡಾಕ್ಟರಾಗಲಿಲ್ಲ, ಎಂಜಿನಿಯರಾಗಲಿಲ್ಲ. ಆಲೆಮನೆಯಲ್ಲೇ ಇದ್ದಾನೆ. ಈಗ ಹದ ನೋಡುವ ಮುಖ್ಯಸ್ಥ. ಅವನಿಗೆ ನನ್ನ ಧರ್ಮದ ಮಾತು ಬೇಕಿರಲಿಲ್ಲ, ನಾನೂ ಆಡಲಿಲ್ಲ. ಪ್ರತಿ ವರ್ಷ ಹತ್ತನೇ ತರಗತಿಗೆ ಆ ಪಾಠ ಬಂದಾಗ ಮಕ್ಕಳನ್ನು ಅವನ ಆಲೆಮನೆಗೆ ಕರೆದುಕೊಂಡು ಹೋಗುತ್ತೇನೆ. ಅಂದು ಪಾಠ ಮಾಡುವವನು ಅವನು, ನಾನು ಹಿಂದೆ ನಿಂತಿರುತ್ತೇನೆ. ಮಕ್ಕಳು ಗಲಾಟೆ ಮಾಡಿದರೆ ‘ಸುಮ್ಕಿರ್‌ರ್ಲಾ’ ಎಂದು ನನಗಿಂತ ಜೋರಾಗಿ ಗದರುತ್ತಾನೆ!

ಧ್ಯಾನಕೂಟವನ್ನೂ ಬಿಡಲಿಲ್ಲ. ಪ್ರತಿ ದಸರೆ ರಜೆಯಲ್ಲಿ ಬುಟ್ಟಿ, ಡಬ್ಬಿ, ಚೀಟಿಗಳೊಂದಿಗೆ ಮೂರು ದಿನ ನಡೆಯುತ್ತದೆ. ‘ಜೀವನದಲ್ಲಿ ಗುರಿ’ ಎಂಬ ಭಾಷಣವನ್ನು ಮಾತ್ರ ಕೈಬಿಟ್ಟಿದ್ದೇನೆ. ಬೇರೆಯವರ ಮಕ್ಕಳ ಮಾತನ್ನು ಕೇಳಲು ಕಲಿತ ಮೇಲೆ ಸ್ವಂತ ಮಗನಿಗೂ ಒಂದು ದಿನ ನಾನೇ ಫೋನು ಮಾಡಿದೆ. ‘ಏನಪ್ಪಾ, ಏನಾದರೂ ಆಯ್ತಾ?’ ಎಂದು ಗಾಬರಿಯಾದ. ಏನೂ ಇಲ್ಲ, ನೀನು ಹೇಗಿದ್ದೀಯ ಹೇಳು ಎಂದೆ. ಹೇಳಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಈಗ ವಾರಕ್ಕೊಮ್ಮೆ ಮಾತು ನಡೆಯುತ್ತದೆ.

ನನ್ನ ಉದ್ದೇಶ ಏನು ಎಂದು ಕೇಳಿದ ಆ ಮಗು ಯಾರೆಂದು ಇಂದಿಗೂ ತಿಳಿಯದು. ಎಲ್ಲಾದರೂ ಇದನ್ನು ಓದಿದರೆ ಅದಕ್ಕೆ ನನ್ನ ಉತ್ತರ ಇಷ್ಟು: ಎದುರಿಗೆ ನಿಂತ ಮಗುವಿಗೆ ಆಗಲೇ ಏನು ಗೊತ್ತಿದೆ ಎಂದು ಮೊದಲು ನೋಡುವುದು, ಅದು ಹೇಳುವುದನ್ನು ಕೇಳುವುದು, ಆಮೇಲೆ ಕಲಿಸುವುದು. 54 ವರ್ಷಕ್ಕೆ ಇದು ಹೊಳೆಯಿತು, ಅದೂ ಮಕ್ಕಳಿಂದ. ನಿವೃತ್ತಿಗೆ ಎಷ್ಟು ವರ್ಷ ಉಳಿದಿದೆ ಎಂದು ಈಗಲೂ ಎಣಿಸುತ್ತೇನೆ, ಕಡಿಮೆಯಾಯಿತಲ್ಲ ಎಂದು.

ಮೊನ್ನೆ ಒಬ್ಬ ಹುಡುಗಿ ರೆಕಾರ್ಡ್ ಪುಸ್ತಕ ತಂದಳು. ವಿಧಾನ, ವೀಕ್ಷಣೆ, ತೀರ್ಮಾನ ಎಲ್ಲ ಅಚ್ಚುಕಟ್ಟು, ಉದ್ದೇಶದ ಸಾಲು ಮಾತ್ರ ಖಾಲಿ. ಬೈಗುಳಕ್ಕೆ ಕಾಯುತ್ತ ನಿಂತಿದ್ದಳು. ಪುಸ್ತಕವನ್ನು ಅವಳ ಕಡೆಗೆ ತಿರುಗಿಸಿ, ‘ನೀನು ಕಂಡದ್ದನ್ನು ಒಂದು ಸಲ ಓದಿಕೋ, ಆಮೇಲೆ ಮೇಲಿನ ಸಾಲು ಬರಿ’ ಎಂದೆ. ಅಲ್ಲೇ ಮೇಜಿಗೆ ಒರಗಿ ಓದಿಕೊಂಡು ಬರೆದಳು. ಕೆಂಪು ಪೆನ್ನನ್ನು ಜೇಬಿನಿಂದ ತೆಗೆಯಲಿಲ್ಲ.